ಮೂರು ಕಚ್ಚು

ಪಾಂಗಿ ಹಣ್ಣು ಉದುರಿದ ಸದ್ದು
ಎರಡು ಗುಡ್ಡ ದಾಟಿ ನಮ್ಮ ಮನೆ ಮುಟ್ಟುವುದಿಲ್ಲ.
ಆದರೂ ಓಡು ಕತ್ತಲಲ್ಲೇ ಎದ್ದು ಕೂತು
"ಬಿತ್ತು" ಅನ್ನುತ್ತಾಳೆ.
ಓಡು ಎಂದರೆ ನಮ್ಮ ದುಸುನ್ ಮಾತಿನಲ್ಲಿ ಅಜ್ಜಿ.
ನಡಿಗೆ ಮಾತ್ರ ನಿಧಾನ.

ಬೆನ್ನಿಗೆ ಬೆತ್ತದ ಬುಟ್ಟಿ, ಸೊಂಟಕ್ಕೆ ಪರಾಂಗ್ ಕತ್ತಿ,
ಜಿಗಣೆ ಹತ್ತದಿರಲೆಂದು ಹೊಗೆಸೊಪ್ಪಿನ ನೀರು ಬಳಿದ ಕಾಲು.
ಹಿಂದೆ ನಾನು. ಅವಳ ನಿಧಾನಕ್ಕೂ ಸಾಲದ ಕಾಲು ನನ್ನದು.
ಬೆಟ್ಟಸಾಲಿನ ಈ ಮಗ್ಗುಲಲ್ಲಿ
ಬಿಸಿಲು ನೆಲ ಮುಟ್ಟುವುದು ಕಾಸಿನಗಲ,
ಅದೂ ಗಾಳಿ ಮನಸ್ಸು ಮಾಡಿದರೆ.

ಮೊರದಗಲ ಎಲೆಗಳ ನಡುವೆ ಮಂಗನ ತಲೆಯಷ್ಟು ಹಣ್ಣು,
ಒರಟು ಕಂದು ಸಿಪ್ಪೆ, ಒಳಗೆ ಹಳದಿ ತಿರುಳು,
ತಿರುಳಿನೊಳಗೆ ಬೂದಿಬಣ್ಣದ ಬೀಜ,
ಮುದಿ ಮುಂಗೈಯ ಹಾಗೆ ನರ ಎದ್ದದ್ದು.
ಇಲಿಯೊಂದು ಮೂಸಿ ನೋಡಿ ಬಿಟ್ಟು ಹೋಗಿದೆ.

ಕಾಂಡದ ಮೇಲೆ, ಎದೆಯೆತ್ತರದಲ್ಲಿ, ಮೂರು ಕಚ್ಚು.
ಅರವತ್ತು ವರ್ಷದ ಗಾಯ. ಮರ ತೊಗಟೆ ಮಡಚಿ
ತುಟಿ ಬಿಗಿ ಹಿಡಿದಿದೆ.
ಅವಳು ಮುಟ್ಟುವುದಿಲ್ಲ, ಆ ಕಡೆ ನೋಡುವುದೂ ಇಲ್ಲ.
ಒಮ್ಮೆ ನಾನೇ ಬೆರಳಿಟ್ಟು ಅಳೆದಿದ್ದೇನೆ:
ಎರಡು ಗೆಣ್ಣು ಆಳ.

ಜಪಾನಿ ಸೈನಿಕರು ಕಣಜ ಗುಡಿಸಿ ಹೋದ ವರ್ಷ
ಅವಳ ತಮ್ಮ ಗಿಂಬಾಂಗ್, ಐದು ತುಂಬದವನು,
ಬೇಯಿಸದ ಬೀಜ ಒಡೆದು ತಿಂದ.
ಅವನು ಕಚ್ಚಿದ್ದೂ ಮೂರು ಸಲ ಇರಬೇಕು,
ಎಣಿಸಿದವರು ಯಾರು?
ಹಸಿವಿಗೆ ಕಾಯುವುದನ್ನು ಯಾರೂ ಕಲಿಸಿರಲಿಲ್ಲ.
ಸಂಜೆ ಅವಳಪ್ಪ ಕತ್ತಿ ಹಿರಿದು ಮರದ ಹತ್ತಿರ ಹೋದ.
ಒಂದು. ಎರಡು. ಮೂರು.
ಆಮೇಲೆ ಕತ್ತಿ ಒರೆಸಿ, ಬಿದ್ದಿದ್ದ ಹಣ್ಣನ್ನೆಲ್ಲ
ಬುಟ್ಟಿಗೆ ತುಂಬಿಕೊಂಡು ಬಂದ.
ಮನೆಯಲ್ಲಿ ಇನ್ನೂ ನಾಲ್ಕು ಬಾಯಿ ಇದ್ದವು.

ಓಡು ಹೇಳಿದ್ದು ಇಷ್ಟೇ. ಉಳಿದದ್ದನ್ನು ಕೈ ಹೇಳುತ್ತದೆ:
ಬೀಜ ಕುದಿಸುವ ಕೈ, ಕುದಿಸಿದ ನೀರನ್ನು
ನಾಯಿ ನೆಕ್ಕದಂತೆ ಗುಂಡಿಗೆ ಸುರಿದು ಮಣ್ಣೆಳೆಯುವ ಕೈ,
ಚಿಪ್ಪು ಒಡೆದು, ಹೆಚ್ಚಿ, ಬುಟ್ಟಿಗೆ ಹಾಕಿ
ಹರಿವ ತೊರೆಯಲ್ಲಿ ಕಲ್ಲು ಹೇರಿ ಬಿಡುವ ಕೈ.
ಮೂರು ರಾತ್ರಿ ನೀರು ವಿಷ ಇಳಿಸುತ್ತದೆ.
ಅಷ್ಟೂ ಹೊತ್ತು ಕೆಳಗಿನ ಮಡುವಿಗೆ ಮೀನು ಸುಳಿಯುವುದಿಲ್ಲ.
ಆಮೇಲೆ ಒಲೆಯ ಮೇಲಿನ ಅಟ್ಟ, ಹೊಗೆ,
ವಾರಗಟ್ಟಲೆ ಹೊಗೆ.

ಈ ವರ್ಷ ಅವಳು ಒಲೆ ಬುಡ ಬಿಟ್ಟು ಏಳಲಿಲ್ಲ.
ಕುದಿಸಿದವಳು ನಾನು, ತೊರೆಗೆ ಇಳಿದವಳು ನಾನು.

ಕೊನೆಗೆ ಒರಳು. ಕಂದು ಪುಡಿ.
ಹೊಳೆಮೀನು, ಉಪ್ಪು, ಆರಿದ ಅನ್ನ, ಪುಡಿ ಒಂದು ಹಿಡಿ,
ಜಾಡಿಯ ಬಾಯಿಗೆ ಎಲೆ ಕಟ್ಟಿ ಎರಡು ವಾರ.
ಇದೇ ನಮ್ಮ ಬೊಸೋವು.
ಹುಳಿ ಅನ್ನಲಾಗದ, ಹಳಸು ಅನ್ನಲಾಗದ ಅದರ ವಾಸನೆ
ಕೆನಿಂಗಾವ್ ಪೇಟೆಯಿಂದ ಬಂದ ಅತ್ತಿಗೆಯನ್ನು
ಅಂಗಳಕ್ಕೆ ಅಟ್ಟುತ್ತದೆ,
ನಮ್ಮನ್ನು ಒಲೆಯ ಸುತ್ತ ಎಳೆದು ಕೂರಿಸುತ್ತದೆ.

ಹೊಸ ಜಾಡಿಯ ಮೊದಲ ತುತ್ತು ಯಾವಾಗಲೂ ಅವಳದೇ.
ತಿಂದು, ಬಾಯೊರೆಸಿ, ಗೋಡೆಗೆ ಒರಗುತ್ತಾಳೆ.
ನಾವು ಅನ್ನ ಮುಂದಿಟ್ಟುಕೊಂಡು ಕಾಯುತ್ತೇವೆ,
ಜೀರುಂಡೆ ಕೂಗಿ ನಿಲ್ಲುವವರೆಗೆ,
ನಿಂತದ್ದು ಮತ್ತೆ ಕೂಗುವವರೆಗೆ.
ಅವಳು ಚುಟ್ಟಾ ಕೇಳಿದಳೆಂದರೆ ಊಟ ಶುರು.

ಇವತ್ತು ಜಾಡಿ ಬಿಚ್ಚಿ, ತುತ್ತು ಕಲಸಿ,
ನನ್ನ ಕಡೆ ಕೈ ಚಾಚಿದಳು.
"ಹಲ್ಲುನೋವು" ಅಂದಳು.
ಅವಳ ಬಾಯಲ್ಲಿ ಹಲ್ಲೇ ಇಲ್ಲ.

ಮೂರನೆಯ ರಾತ್ರಿ ಮಳೆ ಜೋರಾಯಿತೆಂದು
ಬುಟ್ಟಿಯನ್ನು ಬೇಗ ಎತ್ತಿಬಿಟ್ಟೆನೆ?
ಬೆಳಗಾಗಿತ್ತೆ?
ನುಂಗಿದ ಮೇಲೆ ನೆನಪಾಗುವುದಿಲ್ಲ ಯಾವುದೂ.

ಗೋಡೆಗೆ ಒರಗಿದ್ದೇನೆ.
ಎಲ್ಲರ ಕಣ್ಣೂ ನನ್ನ ಮೇಲೆ,
ಅವಳದನ್ನು ಬಿಟ್ಟು.
ಅವಳು ಕಿಟಕಿಯತ್ತ ತಿರುಗಿ
ಜೀರುಂಡೆ ಎಣಿಸುತ್ತಿದ್ದಾಳೆ.