ಒಂಚೂರು ಬಲಕ್ಕೆ

ಕ್ಯೂರಿಂಗ್ ವರ್ಕ್ಸಿನಲ್ಲಿ ಮಧ್ಯಾಹ್ನದ ಸೈರನ್ ಕೂಗಿದರೆ
ನಾವೆಲ್ಲ ಬುತ್ತಿ ಬಿಚ್ಚುತ್ತಿದ್ದೆವು,
ಜೈತೂನಕ್ಕ ಗೋಣಿ ಬಿಚ್ಚುತ್ತಿದ್ದಳು.

ಕಾಳು ಕಾಣದ ಹೊಸ ಗೋಣಿ, ಹೊಲಿಗೆ ಬಿಡಿಸಿ ಅಗಲ ಮಾಡಿದ್ದು,
ಮೂಲೆಯಲ್ಲಿ ನೀಲಿ ಮೊಹರು: ಚಿಕ್ಕಮಗಳೂರು, ಪಿ.ಬಿ.
ಸುಮ್ಮನೆ ತಗೊಂಡು ಹೋಗಮ್ಮ ಅಂದಿದ್ದರು ರೈಟರು.
ಹನ್ನೆರಡು ರೂಪಾಯಿ ಎಣಿಸಿಟ್ಟು ಚೀಟಿ ಬರೆಸಿಕೊಂಡಳು.
'ಇನ್ನೊಬ್ಬರ ಹಕ್ಕಿನ ಮೇಲೆ ಹಣೆ ಇಡಬಾರದು ಕಣೇ.'
ಆ ಚೀಟಿ ಬಹಳ ದಿನ
ಅವಳ ಎಲೆಯಡಿಕೆ ಚೀಲದಲ್ಲಿತ್ತು.

ನಲ್ಲಿಯಲ್ಲಿ ಮೊಣಕೈವರೆಗೆ ತೊಳೆದು ಬರುವಳು.
ಕಿವಿಯ ಹಿಂದಿನ ಕಾಫಿ ಹೊಟ್ಟು ಅಲ್ಲಿಗೆ ಹೋಗುತ್ತಿತ್ತು;
ನನ್ನದು ಇರುತ್ತಿತ್ತು ಸಂಜೆವರೆಗೆ.

ನನಗೊಂದು ಕೆಲಸ ಕೊಟ್ಟಿದ್ದಳು:
ಅವಳ ಮುಂದೆ, ಡಬ್ಬಕ್ಕೆ ಆನಿಸಿ, ಮೊರ ನಿಲ್ಲಿಸುವುದು.
ಮೊರದಾಚೆ ಯಾರು ಬೇಕಾದರೂ ನಡೆಯಲಿ,
ಮೊರಕ್ಕೂ ಗೋಣಿಗೂ ನಡುವೆ ಹಾಯಬಾರದು.
ಮೇಸ್ತ್ರಿ ಒಮ್ಮೆ ಹಾಯಲು ಬಂದ,
ಉಣ್ಣುವ ಕೈಯಲ್ಲೇ ಅವನ ಪಂಚೆ ಹಿಡಿದೆ.
ಸಾರಿನ ಕಲೆ. ಬೈದ. ಬಳಸಿಕೊಂಡು ಹೋದ.

ಏನು ಹೇಳುತ್ತಿದ್ದಳೋ, ತುಟಿ ಮಾತ್ರ ಆಡುತ್ತಿತ್ತು.
ಅವಳು ನೆಲಕ್ಕೆ ಹೋಗಿ ಅಲ್ಲೇ ಇರುವ ಒಂದಿಷ್ಟು ಹೊತ್ತು
ನನ್ನ ತುತ್ತು ಯಾಕೋ ನಿಧಾನವಾಗುತ್ತಿತ್ತು.
ಎದ್ದಾಗ ಹಣೆಯ ಮೇಲೆ ಗೋಣಿಯ ನೇಯ್ಗೆ,
ಅಡ್ಡ ಎಳೆ, ಉದ್ದ ಎಳೆ,
ಕಾಳಿಗೆ ಕೂರುವಷ್ಟರಲ್ಲಿ ಮಾಯ.

ನಾದಿನಿ ಉಮ್ರಾ ಮುಗಿಸಿ ಬಂದಾಗ
ಮಖಮಲ್ಲಿನ ಜಾನಿಮಾಜ್ ತಂದುಕೊಟ್ಟಳು.
ಹಸಿರು, ಗುಮ್ಮಟ, ಚಿನ್ನದ ಕುಚ್ಚು.
ಕೈ ಒರೆಸಿಕೊಂಡು ಸರದಿಯಲ್ಲಿ ಮುಟ್ಟಿ ನೋಡಿದೆವು.
ಎರಡು ದಿನ ಹಾಸಿದಳು. ಮೂರನೇ ದಿನ ಮತ್ತೆ ಗೋಣಿ.
'ಗುಮ್ಮಟದ ಕಿಟಕಿ ಎಣಿಸ್ತಾ ನಿಂತುಬಿಡ್ತೀನಿ,
ರಕಾತಿನ ಲೆಕ್ಕ ತಪ್ಪುತ್ತೆ.'
ಒಡಕು ಕಾಳು, ಕರಿ ಕಾಳು ಎಂದೂ ತಪ್ಪದವಳು!

ಆಮೇಲೆ ಮಂಡಿ ಹೋಯಿತು.
ಸ್ಟೂಲಿನ ಮೇಲೆ ಕೂತೇ ಬಾಗುವಳು, ಹಣೆ ನೆಲ ಮುಟ್ಟದು.
ಆದರೂ ಹಾಸುವಳು ಗೋಣಿ, ಕಾಲ ಕೆಳಗೆ.
ಮುಟ್ಟದ ಮೇಲೆ ಯಾಕಕ್ಕ ಅಂದೆ.
'ಅದಕ್ಕೆ ಗೊತ್ತಾಗಬೇಕಲ್ಲ, ನಾನು ಬಂದಿದ್ದೀನಿ ಅಂತ.'
ಅದಕ್ಕೆ ಅಂದರೆ ಗೋಣಿಗೋ, ನೆಲಕ್ಕೋ,
ನಾನು ಕೇಳಲಿಲ್ಲ.

ಈ ಹಂಗಾಮಿಗೆ ಅವಳು ಬರಲಿಲ್ಲ.
ಉಪ್ಪಳ್ಳಿಯ ಮಗಳ ಮನೆಯಲ್ಲಿದ್ದಾಳಂತೆ.
ಬಣ್ಣ ನೋಡಿ ಕಾಳು ಆರಿಸುವ ಮಿಷನ್ ಬಂದು
ನಾವು ಉಳಿದದ್ದು ಹದಿನಾಲ್ಕು ಜನ.
ಅವಳು ಹಾಸುತ್ತಿದ್ದ ಜಾಗವನ್ನು
ನಾನು ಇನ್ನೂ ಬಳಸಿಕೊಂಡೇ ಹೋಗುತ್ತೇನೆ,
ಮೇಸ್ತ್ರಿಯ ಹಾಗೆ.

ನಿನ್ನೆ ಊಟದ ಹೊತ್ತಿಗೆ ಹೊಸ ಹುಡುಗಿ, ನಸೀಬಾ,
ಕೈಯಲ್ಲಿ ಮಡಿಸಿದ ಚಾದರ ಹಿಡಿದು
ಶೆಡ್ಡಿನ ಮಧ್ಯೆ ಸುತ್ತ ನೋಡುತ್ತ ನಿಂತಿದ್ದಳು.
ಫೋನು ಗೇಟಿನಲ್ಲೇ ಇಸಕೊಳ್ಳುತ್ತಾರೆ.
ಟ್ಯೂಬ್‌ಲೈಟಿನ ಬೆಳಕಿಗೆ ದಿಕ್ಕಿಲ್ಲ.
'ಆಂಟಿ, ಪಶ್ಚಿಮ ಯಾವ ಕಡೆ?'

ತುತ್ತು ಬಾಯಲ್ಲಿತ್ತು, ತಲೆ ಎತ್ತಲಿಲ್ಲ.
'ತಕ್ಕಡಿ ಕಡೆ ಮುಖ ಮಾಡು.
ಇನ್ನು ಒಂಚೂರು ಬಲಕ್ಕೆ.
ಹಾಂ, ಅಷ್ಟೇ.
ಇರು, ಮೊರ ತರ್ತೀನಿ.'