ನೆಲ ಹಿಡಿಯುವ ಕಾಲು

ಆಜಾದ್ ಪಾರ್ಕಿನ ತಿರುವಿನಲ್ಲಿ, ಛತ್ರಿಯ ಕೆಳಗೆ
ಮೂವತ್ತೊಂದು ವರ್ಷದಿಂದ
ನಾನು ಜನರ ಮುಖ ನೋಡಿದ್ದು ಕಡಿಮೆ.
ಬೂಟು ಮಗುಚಿದರೆ ಸಾಕು:
ಒದೆಯುವ ಕಾಲಲ್ಲ,
ನೆಲ ಹಿಡಿದು ನಿಲ್ಲುವ ಕಾಲು
ಮೊದಲು ಸವೆಯುತ್ತದೆ.
ಸಹಾಯರಾಜನದು ಬಲಗಾಲು ಸವೆಯುತ್ತಿತ್ತು. ಎಡಚ.
ಎಸ್ಟೇಟಿನ ಲೈನ್ ಮನೆಯಿಂದ ಒಂಬತ್ತು ಮೈಲಿ
ಗೊಬ್ಬರದ ಚೀಲದಲ್ಲಿ ಬೂಟು ಕಟ್ಟಿಕೊಂಡು
ಬರಿಗಾಲಲ್ಲಿ ಬರುತ್ತಿದ್ದ, ಬೂಟು ಸವೆಯಬಾರದೆಂದು.
"ಕಾಸು ಆಮೇಲೆ ಕೊಡ್ತೀನಣ್ಣ."
ಕೊಟ್ಟಿದ್ದಾನೆ ಕೂಡ. ಅರ್ಧ.

ಆ ವರ್ಷ ಸೆವೆನ್ಸ್ ಪಂದ್ಯಕ್ಕೆ
ಯಾರೋ ಕರೆತಂದಿದ್ದರು ಘಾನಾದವನೊಬ್ಬನನ್ನು.
ಹೆಸರು ಕೇಳಿದರೆ, ಕೊಫಿ.
ಇಡೀ ಚಿಕ್ಕಮಗಳೂರು ನಕ್ಕಿತು:
"ಇಲ್ಲೇ ಬೇಕಾದಷ್ಟಿದೆ ಮಾರಾಯ, ಆಮದು ಯಾಕೆ?"
ಅವನೂ ನಕ್ಕ, ತಮಾಷೆ ತಿಳಿಯದೆ.
ಶುಕ್ರವಾರ ಹುಟ್ಟಿದ ಗಂಡಿಗೆ ಅವರಲ್ಲಿ ಆ ಹೆಸರಂತೆ.
ಗೋಲಿಗೆ ಐನೂರು, ಗೆದ್ದರೆ ಕೋಳಿ ಊಟ,
ಪಾಸ್‌ಪೋರ್ಟು ಏಜೆಂಟನ ಬೀರುವಿನಲ್ಲಿ.
ಅವನ ಬೂಟಿನಲ್ಲಿ
ಮೂರು ದೇಶದ ಹೊಲಿಗೆ ಎಣಿಸಿದೆ,
ಒಂದೊಂದು ದಾರ ಒಂದೊಂದು ಬಣ್ಣ.
ನಾಲ್ಕನೆಯದು ನನ್ನದು, ಮೇಣ ಹಚ್ಚಿದ್ದು.

ಇದೇ ಕಲ್ಲಿನ ಮೇಲೆ ಕೂತು
ಬಾರದ ಕನ್ನಡದಲ್ಲಿ, ಕೈಯನ್ನು ಕತ್ತರಿಯಂತೆ ಆಡಿಸಿ
ಹೇಳಿದ್ದ ಸಹಾಯರಾಜನಿಗೆ: ಹೋಗಬೇಡ.
ಹುಡುಗ ಅವನ ಬೂಟನ್ನೇ ನೋಡುತ್ತಿದ್ದ.

ಅಪ್ಪನ ಗ್ರಾಚ್ಯುಟಿ, ಅಮ್ಮನ ಓಲೆ,
ಎರಡು ಕಂತು ಮುಂಚೆಯೇ ಎತ್ತಿದ ಚೀಟಿ,
ಎಲ್ಲ ಸೇರಿ ಒಂದು ಕಾಗದವಾಯಿತು.
ಸೈಪ್ರಸ್. ಟ್ರಯಲ್.
ಎರಡನೇ ಡಿವಿಜನ್ನೋ, ಮೂರನೆಯದೋ.
ಹೊರಡುವ ಹಿಂದಿನ ದಿನ ಬೂಟು ತಂದ,
ಹೊಸದು, ಹೊಲಿಯಲು ಏನೂ ಇರಲಿಲ್ಲ.
ಆದರೂ ಅಂಚಿಗೊಂದು ಸುತ್ತು ಹಾಕಿಕೊಟ್ಟೆ,
ದೃಷ್ಟಿಯಾಗದಿರಲಿ ಅಂತ, ಕಪ್ಪು ದಾರ.

ನಿನ್ನೆ ಆರೋಗ್ಯಮ್ಮ ಬಂದಳು, ಮೊಬೈಲು ಹಿಡಿದು.
ಮಗ ಫೋಟೋ ಕಳಿಸಿದ್ದಾನೆ:
ಬಾಲ್ಕನಿ, ಬಿಸಿಲು, ಬಟ್ಟೆ ಒಣಗುವ ಹಗ್ಗ,
ಮೂಲೆಯಲ್ಲಿ ತಳ ಮೇಲಾಗಿ ಒರಗಿಸಿದ ಬೂಟು.
"ನೋಡಪ್ಪ, ಎಷ್ಟು ಜೋಪಾನ ಮಾಡಿದ್ದಾನೆ!"
ಬೆರಳಲ್ಲಿ ಹಿಗ್ಗಿಸಿ ನೋಡಿದೆ.
ಸ್ಟಡ್ಡುಗಳು ಅಂಗಡಿಯಲ್ಲಿದ್ದ ಹಾಗೇ ಇವೆ.
ಕಪ್ಪು ದಾರಕ್ಕೆ ಮಣ್ಣು ತಾಗಿಲ್ಲ.
ಪಕ್ಕದಲ್ಲಿ ಇನ್ನೊಂದು ಜೊತೆ,
ಗೋದಾಮಿನವರು ಹಾಕುವಂಥದು, ಮೂತಿಗೆ ಉಕ್ಕು.
ಅದರ ಎರಡೂ ಹಿಮ್ಮಡಿ ಸಮನಾಗಿ ಸವೆದಿವೆ.
ಓಡುವವನದು ಹಾಗೆ ಸವೆಯುವುದಿಲ್ಲ.

"ಆಡ್ತಾ ಇದ್ದಾನಾ?" ಅಂದಳು.
ರಂಪಿಗೆ ಮಸೆಯತೊಡಗಿದೆ.
"ಕಾಲು ಗಟ್ಟಿಯಾಗಿದೆ ಕಣಮ್ಮ," ಅಂದೆ.
ಅಷ್ಟಕ್ಕೇ ಹೋದಳು.

ಕೊಫಿಯ ಬೂಟು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ.
ನಲವತ್ತು ರೂಪಾಯಿ ಬಾಕಿ.
ಒಂದು ರಾತ್ರಿ ಜೀಪಿನಲ್ಲಿ
ಇನ್ಯಾವುದೋ ಊರಿನ ಪಂದ್ಯಕ್ಕೆ ಕರೆದೊಯ್ದರು.
ಯಾರ ಬೂಟು ಹಾಕಿ ಆಡಿದನೋ.
ಶುಕ್ರವಾರ ತೆಗೆದು ಎಣ್ಣೆ ಸವರಿಡುತ್ತೇನೆ,
ಚರ್ಮ ಬಿರಿಯಬಾರದು.