ತೆಂಕಣ ಗುಂಡಿ

ಲಿಯೆಪಾಯ ಊರಿಗೆ ಒಂದೇ ಟ್ರಾಮ್ ಹಳಿ.
ಹಗಲೆಲ್ಲ ವಿಜ್ಮಾ ಅದರ ಮೇಲೆ ಹೋಗಿ ಬಂದು ಹೋಗಿ ಬಂದು
ಇರುಳು ಅಡುಗೆಮನೆಯ ಮೇಜಿನಲ್ಲಿ
ಬೇರೆಯವರ ಗೇಮ್ ಕಂಟ್ರೋಲರು ಬಿಚ್ಚುತ್ತಾಳೆ.

ಇಂದಿನದಕ್ಕೆ ಹೆಸರಿಲ್ಲ.
ಶನಿವಾರದ ಸಂತೆಯಲ್ಲಿ ನಾಲ್ಕು ಯೂರೋಗೆ ಕೊಂಡದ್ದು,
ಎಡ ಸ್ಟಿಕ್ಕಿನ ರಬ್ಬರು ಯಾರದೋ ಹೆಬ್ಬೆರಳಿಗೆ ಸವೆದದ್ದು.
ಒಯಾರ್ಸ್ ತಂದಿಟ್ಟು ಹೋದ:
ಹಳೇ ಕಂಪ್ಯೂಟರಿನಲ್ಲಿ ಚೆನ್ನಾಗೇ ಇತ್ತು ಕಣೇ,
ಲಿನಕ್ಸ್ ಹಾಕಿದ ಮೇಲೆ
ನೆಗೆ ಅಂದರೆ ಗುಂಡು ಹಾರಿಸುತ್ತದೆ,
ಗುಂಡು ಅಂದರೆ ಸುಮ್ಮನಿರುತ್ತದೆ.

ತಂತಿ ಚುಚ್ಚಿದಳು.
ಯಾರು ನೀನು? ಕೇಳುವುದು ಯಂತ್ರದ ವಾಡಿಕೆ.
ಯುಎಸ್‌ಬಿ ಬಾಗಿಲಿಗೆ ಬಂದವರು ಯಾರೇ ಆಗಲಿ
ತಮ್ಮ ಕುಲಗೋತ್ರ ತಾವೇ ಹೇಳಬೇಕು:
ಇಷ್ಟು ಗುಂಡಿ, ಇಷ್ಟು ಸ್ಟಿಕ್ಕು, ಅದರ ಓಟ ಇಲ್ಲಿಂದ ಇಲ್ಲಿಗೆ.
ಕಂಪನಿಯ ಗುಟ್ಟಲ್ಲ ಅದು, ಬರೆದಿಟ್ಟ ಕರಾರು,
ಯಾರು ಬೇಕಾದರೂ ಓದಬಹುದು.
ಇದೋ, ಹಸೀ ಸುಳ್ಳು ಹೇಳಿತು.
ದೊಡ್ಡ ಮನೆತನದ ಹೆಸರೆತ್ತಿ
ಹದಿನೇಳು ಗುಂಡಿ ಅಂದಿತು.
ಎಣಿಸಿದರೆ ಹನ್ನೆರಡು.

ವಿಜ್ಮಾ ನಕ್ಕಳು. ಬಡವರ ಮನೆಯ ಸುಳ್ಳು;
ದೊಡ್ಡ ಹೆಸರು ಹೇಳದಿದ್ದರೆ
ಕೆಲವು ಬಾಗಿಲು ತೆರೆಯುವುದೇ ಇಲ್ಲ.

ಗುಂಡಿಯ ಮೇಲಿನ ಅಕ್ಷರ ನಂಬುವಂತಿಲ್ಲ.
ಒಬ್ಬರ ಎ ಇದ್ದಲ್ಲಿ ಇನ್ನೊಬ್ಬರ ಬಿ,
ಮತ್ತೊಬ್ಬರದು ಅಕ್ಷರವೇ ಅಲ್ಲ, ಕತ್ತರಿಗುರುತು, ಸೊನ್ನೆ.
ಒಂದು ದೇಶದಲ್ಲಿ ಸೊನ್ನೆ ಒತ್ತಿದರೆ ಹೂಂ,
ಇನ್ನೊಂದರಲ್ಲಿ ಊಹೂಂ.
ಅದಕ್ಕೇ ಯಾರೋ, ಜಗಳವಾಡಿ ಸುಸ್ತಾದವರು,
ದಿಕ್ಕಿನ ಹೆಸರಿಟ್ಟರು:
ಬಡಗಣ, ಮೂಡಣ, ತೆಂಕಣ, ಪಡುವಣ.
ಹೆಬ್ಬೆರಳಿಗೆ ಓದುಬರಹ ಬೇಡ,
ತೆಂಕು ಎಲ್ಲಿದೆ ಗೊತ್ತಿದ್ದರೆ ಸಾಕು.

ತೆಂಕಣ ಒತ್ತಿದಳು. ಮೂರು, ಅಂದಿತು.
ಮೂಡಣ, ಎರಡು.
ಪಡುವಣಕ್ಕೆ ಬಹಳ ಹೊತ್ತು ಏನೂ ಇಲ್ಲ;
ಒಳಗೆ ಬಿಸ್ಕತ್ತಿನ ಪುಡಿ.
ಊದಿ ಒತ್ತಿದರೆ ಸೊನ್ನೆ.
ಚಹಾ ಆರಿತು. ಕಿಟಕಿಯ ಸಂದಿಗೆ ತುರುಕಿದ ಪತ್ರಿಕೆಯನ್ನು
ಬಾಲ್ಟಿಕ್ ಗಾಳಿ ಅಲುಗಿಸುತ್ತಿತ್ತು.

ಕೊನೆಗೆ ಉಳಿದದ್ದು ಒಂದು ಸಾಲು:
ಅಂಕಿ, ಅಲ್ಪವಿರಾಮ, ಅಂಕಿ.
ಪದ್ಯ ಅನ್ನಲಾರೆ. ಆದರೆ ಒಂದು ಅಲ್ಪವಿರಾಮ ತಪ್ಪಿದರೆ
ಯಾರದೋ ಕುದುರೆ ಹಿಂದಕ್ಕೆ ಓಡುತ್ತದೆ.
ಎಲ್ಲರೂ ಬರೆದು ಸೇರಿಸುವ ಕಡತಕ್ಕೆ ಅದನ್ನೂ ಸೇರಿಸಿದಳು,
ಹೆಸರು ಹಾಕಲಿಲ್ಲ.
ವಿಂಡೋಸಿನವರದು ಒಂದು ಹಗ್ಗ, ಮ್ಯಾಕಿನವರದು ಇನ್ನೊಂದು,
ಬಾವಿ ಒಂದೇ.
ಅವಳಿಗೂ ಒಮ್ಮೆ ಅಲ್ಲೇ ಸಿಕ್ಕಿತ್ತು, ಯಾರೋ ಬಿಟ್ಟುಹೋದ ಸಾಲು,
ಕಂಪನಿ ಮುಚ್ಚಿ ಹತ್ತು ವರ್ಷವಾದ ಮೇಲೆ,
ತೀರಿಕೊಂಡ ತಮ್ಮ ಆಡುತ್ತಿದ್ದ ಕಂಟ್ರೋಲರಿಗೆ.

ಮರುದಿನ ನಸುಕಿಗೆ ಒಯಾರ್ಸ್ ಆಡಿ ನೋಡಿದ.
ನೆಗೆ ಅಂದರೆ ನೆಗೆಯಿತು.
ಎಡ ಟ್ರಿಗರ್ ಮಾತ್ರ, ಬೆರಳು ಸೋಕದೆಯೂ,
ಅರ್ಧ ಒತ್ತಿದೆ ಅನ್ನುತ್ತದೆ ಇನ್ನೂ;
ನಿಂತ ಕಾರು ಮೆಲ್ಲಗೆ ಹಿಂದಕ್ಕೆ ತೆವಳುತ್ತದೆ.
ಅದನ್ನೂ ಸರಿಮಾಡಲಾ, ಕೇಳಿದಳು.
ಬಿಡು, ಅಂದ,
ಕಾಲುವೆ ಸೇತುವೆಯ ಮೇಲೆ ನಿನ್ನ ಟ್ರಾಮೂ ಹಾಗೇ ಅಲ್ಲವಾ.

ಐದೂವರೆಯ ಪಾಳಿಗೆ ಹೊತ್ತಾಗಿತ್ತು.
ಅವಳು ಬೂಟು ಹುಡುಕುತ್ತಿದ್ದಳು.